ಶೇ 15ರ ಜಾಗತಿಕ ತೆರಿಗೆ: ಪುಟ್ಟ ದ್ವೀಪಗಳ ಬೊಕ್ಕಸ ಬರಿದಾಗುತ್ತದೆಯೇ?

ಬರ್ಮುಡಾದ ವಿಸ್ತೀರ್ಣ ಸುಮಾರು 53 ಚದರ ಕಿಲೋಮೀಟರ್, ಜನಸಂಖ್ಯೆ 65 ಸಾವಿರದ ಆಸುಪಾಸು. ಅಟ್ಲಾಂಟಿಕ್ ಸಾಗರದ ಈ ಪುಟ್ಟ ದ್ವೀಪಸಮೂಹ ಜಗತ್ತಿನ ಮರುವಿಮೆ (ವಿಮಾ ಕಂಪನಿಗಳಿಗೇ ಕೊಡುವ ವಿಮೆ) ವಹಿವಾಟಿನ ದೊಡ್ಡ ಕೇಂದ್ರಗಳಲ್ಲಿ ಒಂದು. ಕಂಪನಿಗಳ ಲಾಭದ ಮೇಲೆ ಅಲ್ಲಿ ದಶಕಗಳ ಕಾಲ ತೆರಿಗೆಯೇ ಇರಲಿಲ್ಲ. ಕೇಮನ್ ಮತ್ತು ಬಹಾಮಾಸ್ ದ್ವೀಪಗಳಲ್ಲೂ ಅದೇ ಪರಿಸ್ಥಿತಿ ಇತ್ತು. ಜರ್ಸಿ ದ್ವೀಪದಲ್ಲಿ ತೆರಿಗೆ ಇದ್ದರೂ ಬಹುಪಾಲು ಕಂಪನಿಗಳಿಗೆ ಅದರ ದರ ಸೊನ್ನೆ.

2021ರ ಅಕ್ಟೋಬರ್ 8ರಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ನೇತೃತ್ವದಲ್ಲಿ 136 ದೇಶಗಳು ಒಂದು ಒಪ್ಪಂದಕ್ಕೆ ಬಂದವು. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ಯಾವ ದೇಶದಲ್ಲಿ ಲಾಭ ತೋರಿಸಿದರೂ ಕನಿಷ್ಠ ಶೇ 15ರಷ್ಟು ತೆರಿಗೆ ಕಟ್ಟಬೇಕು ಎಂಬುದು ಅದರ ತಿರುಳು. ಇನ್ನು ಆ ದ್ವೀಪಗಳ ಕಥೆ ಮುಗಿಯಿತು ಎಂದು ಕೆಲವರು ಮರುಗಿದರು. ತೆರಿಗೆ ಸ್ವರ್ಗಗಳ ಬಾಗಿಲು ಮುಚ್ಚಿತು ಎಂದು ಇನ್ನು ಕೆಲವರು ಸಂಭ್ರಮಿಸಿದರು. ಇಬ್ಬರ ಮಾತೂ ಪೂರ್ತಿ ನಿಜವಲ್ಲ. ಕಂಪನಿಗಳು ತಪ್ಪಿಸಿಕೊಳ್ಳುವ ತೆರಿಗೆ ಯಾವುದೋ ದೇಶದ ಆಸ್ಪತ್ರೆಗೆ, ಶಾಲೆಗೆ ಸೇರಬೇಕಾದ ಹಣ. ಆದ್ದರಿಂದ ಈ ವಿಷಯದಲ್ಲಿ ಹಬ್ಬಿರುವ ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ತಪ್ಪು ಕಲ್ಪನೆ 1: ದ್ವೀಪಗಳು ಇನ್ನು ಎಲ್ಲ ಕಂಪನಿಗಳಿಗೂ ಶೇ 15 ತೆರಿಗೆ ಹಾಕಲೇಬೇಕು.

ಸತ್ಯ: ಈ ನಿಯಮ ಅನ್ವಯಿಸುವುದು ವರ್ಷಕ್ಕೆ 75 ಕೋಟಿ ಯೂರೊ ಅಥವಾ ಅದಕ್ಕಿಂತ ಹೆಚ್ಚು ವರಮಾನವಿರುವ ಬಹುರಾಷ್ಟ್ರೀಯ ಸಮೂಹಗಳಿಗೆ ಮಾತ್ರ. ರೂಪಾಯಿ ಲೆಕ್ಕದಲ್ಲಿ ಅದು 7 ಸಾವಿರ ಕೋಟಿಗೂ ಹೆಚ್ಚು. ಹಿಂದಿನ ನಾಲ್ಕು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷವಾದರೂ ಸಮೂಹದ ವರಮಾನ ಆ ಮಟ್ಟ ಮುಟ್ಟಿರಬೇಕು. ದ್ವೀಪದ ಹೋಟೆಲ್, ಅಂಗಡಿ, ಸಣ್ಣ ಲೆಕ್ಕಪತ್ರ ಸಂಸ್ಥೆಗಳಿಗೆ ಇದರ ಬಿಸಿ ತಟ್ಟುವುದಿಲ್ಲ. ಸಮೂಹದ ಮೇಲ್ತುದಿಯಲ್ಲಿ ಮಾತೃ ಸಂಸ್ಥೆಯಾಗಿರುವ ಹೂಡಿಕೆ ನಿಧಿಗಳು, ಪಿಂಚಣಿ ನಿಧಿಗಳು, ಸರ್ಕಾರಿ ಸಂಸ್ಥೆಗಳು ನಿಯಮದ ಹೊರಗಿವೆ. ಅಂತರರಾಷ್ಟ್ರೀಯ ಹಡಗು ಸಾಗಣೆಯ ಆದಾಯಕ್ಕೂ ವಿನಾಯಿತಿ ಇದೆ.

ಈ ನಿಯಮವನ್ನು ತನ್ನ ಕಾನೂನಿಗೆ ಸೇರಿಸಿಕೊಳ್ಳಲೇಬೇಕೆಂಬ ಕಡ್ಡಾಯವೂ ಯಾವ ದೇಶಕ್ಕೂ ಇಲ್ಲ. ಬೇರೆ ದೇಶಗಳು ಅದನ್ನು ಜಾರಿ ಮಾಡಿದಾಗ ಒಪ್ಪಿಕೊಳ್ಳಬೇಕು, ಅಷ್ಟೇ. ಹಾಗಾಗಿಯೇ ಜರ್ಸಿ ತನ್ನ ಹಳೆಯ ದರಗಳನ್ನು ಹಾಗೇ ಉಳಿಸಿಕೊಂಡು, ದೊಡ್ಡ ಸಮೂಹಗಳಿಗೆಂದೇ ಪ್ರತ್ಯೇಕ ಶೇ 15ರ ತೆರಿಗೆಯನ್ನು 2025ರಿಂದ ತಂದಿದೆ. ಬಾರ್ಬಡೋಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ಶೇ 1ರಿಂದ ಶೇ 5.5ರವರೆಗಿದ್ದ ಕಂಪನಿ ತೆರಿಗೆ 2024ರಿಂದ ಸಾಮಾನ್ಯವಾಗಿ ಶೇ 9 ಆಯಿತು. ದೊಡ್ಡ ಸಮೂಹಗಳು ಅದರ ಮೇಲೆ ಪೂರಕ ತೆರಿಗೆ ಕಟ್ಟಿ ಶೇ 15 ಮುಟ್ಟಿಸಬೇಕು.

ತಪ್ಪು ಕಲ್ಪನೆ 2: ದ್ವೀಪ ಸರ್ಕಾರ ತೆರಿಗೆ ಹಾಕದಿದ್ದರೆ ಕಂಪನಿ ಬಚಾವ್.

ಸತ್ಯ: ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಜಪಾನಿನ ದೊಡ್ಡ ವಿಮಾ ಸಮೂಹವೊಂದಕ್ಕೆ ತೆರಿಗೆಯೇ ಇಲ್ಲದ ದ್ವೀಪದಲ್ಲಿ ಒಂದು ಅಂಗಸಂಸ್ಥೆ ಇದೆ ಎಂದುಕೊಳ್ಳಿ. ವರ್ಷದ ಲಾಭ 10 ಕೋಟಿ ಯೂರೊ. ದ್ವೀಪದಲ್ಲಿ ಕೊಡುವ ಸಂಬಳ 2 ಕೋಟಿ, ಕಚೇರಿ ಮತ್ತಿತರ ಸ್ಥಿರಾಸ್ತಿಯ ಮೌಲ್ಯ 1 ಕೋಟಿ. ನಿಜವಾಗಿ ನಡೆಯುವ ಕೆಲಸಕ್ಕೆ ನಿಯಮದಲ್ಲಿ ವಿನಾಯಿತಿ ಇದೆ. ಮೊದಲ ವರ್ಷಗಳಲ್ಲಿ ಅದರ ಪ್ರಮಾಣ ಹೆಚ್ಚು, 2033ರ ಹೊತ್ತಿಗೆ ಅದು ಸಂಬಳ ಮತ್ತು ಆಸ್ತಿಯ ಶೇ 5ಕ್ಕೆ ಇಳಿಯುತ್ತದೆ. ಶೇ 5ರ ದರದಲ್ಲಿ 3 ಕೋಟಿಗೆ ಸಿಗುವ ವಿನಾಯಿತಿ 15 ಲಕ್ಷ ಯೂರೊ. ಉಳಿದ 9.85 ಕೋಟಿಗೆ ಶೇ 15ರಂತೆ ಸುಮಾರು 1.48 ಕೋಟಿ ಯೂರೊ ತೆರಿಗೆ ಬೀಳುತ್ತದೆ.

ಇದನ್ನು ವಸೂಲು ಮಾಡುವ ಮೊದಲ ಹಕ್ಕು ದ್ವೀಪದ್ದೇ. ಅದು ಸುಮ್ಮನಿದ್ದರೆ, ಮಾತೃ ಕಂಪನಿಯ ದೇಶವಾದ ಜಪಾನ್ ಆ ಹಣವನ್ನು ತನ್ನಲ್ಲಿ ಕಟ್ಟಿಸಿಕೊಳ್ಳುತ್ತದೆ. ಮಾತೃ ದೇಶವೂ ಕಟ್ಟಿಸಿಕೊಳ್ಳದಿದ್ದರೆ, ನಿಯಮ ಜಾರಿ ಮಾಡಿರುವ ಇತರ ದೇಶಗಳು ಅದೇ ಸಮೂಹದ ತಮ್ಮಲ್ಲಿನ ಶಾಖೆಗಳಿಂದ ಆ ಬಾಕಿಯನ್ನು ಹಂಚಿಕೊಂಡು ಪಡೆಯಬಹುದು. ಕಂಪನಿ ಕಟ್ಟಬೇಕಾದದ್ದು ಕಟ್ಟಲೇಬೇಕು. ತೀರ್ಮಾನವಾಗಬೇಕಾದದ್ದು ಅದು ಯಾರ ಬೊಕ್ಕಸಕ್ಕೆ ಸೇರಬೇಕು ಎಂಬುದು. ಈ ಲೆಕ್ಕ ಅರ್ಥವಾದ ಕೂಡಲೇ ಶೂನ್ಯ ತೆರಿಗೆಯ ದ್ವೀಪಗಳೂ ಕಾನೂನು ಮಾಡಲು ಮುಂದಾದವು. ಬಹಾಮಾಸ್ 2024ರಿಂದ, ಗರ್ನ್ಸಿ ಮತ್ತು ಐಲ್ ಆಫ್ ಮ್ಯಾನ್ 2025ರಿಂದ ಪೂರಕ ತೆರಿಗೆ ಜಾರಿಗೆ ತಂದವು.

ತಪ್ಪು ಕಲ್ಪನೆ 3: ಈ ದ್ವೀಪಗಳಲ್ಲಿ ಯಾರಿಗೂ ಯಾವ ತೆರಿಗೆಯೂ ಇರಲಿಲ್ಲ, ಈಗ ಅವುಗಳ ಆದಾಯ ಖೋತಾ ಆಗುತ್ತದೆ.

ಸತ್ಯ: ತೆರಿಗೆಯ ಹೊರೆ ಅಲ್ಲಿ ಮೊದಲಿನಿಂದಲೂ ಇತ್ತು, ಹೊರುವ ಹೆಗಲು ಬೇರೆಯಾಗಿತ್ತು. ಕೇಮನ್‌ನಲ್ಲಿ ಆಮದು ಸುಂಕದ ಸಾಮಾನ್ಯ ದರ ಶೇ 22. ಬೇಕಾದದ್ದೆಲ್ಲ ಹೊರಗಿನಿಂದ ಹಡಗಿನಲ್ಲಿ ಬರುವ ಊರಿನಲ್ಲಿ ಆ ಸುಂಕ ಕೊನೆಗೆ ಬೀಳುವುದು ಮನೆ ನಡೆಸುವ ಸಾಮಾನ್ಯ ಜನರ ಮೇಲೆ. ಕೆಲಸದ ಪರವಾನಗಿ ಶುಲ್ಕ, ಆಸ್ತಿ ವರ್ಗಾವಣೆಯ ಮುದ್ರಾಂಕ ಶುಲ್ಕ, ಕಂಪನಿ ನೋಂದಣಿ ಶುಲ್ಕಗಳೂ ಇವೆ. ಬರ್ಮುಡಾದಲ್ಲಿ ಸಂಬಳದ ಮೇಲೇ ತೆರಿಗೆ ಇದೆ. ಬ್ರಿಟಿಷ್ ವರ್ಜಿನ್ ದ್ವೀಪಗಳ ಸರ್ಕಾರಕ್ಕೆ ಅರ್ಧಕ್ಕಿಂತ ಹೆಚ್ಚು ಆದಾಯ ಬರುವುದು ಹಣಕಾಸು ಸೇವಾ ವಲಯದ ಶುಲ್ಕಗಳಿಂದ.

ಈ ಯಾವ ಆದಾಯಕ್ಕೂ ಶೇ 15ರ ನಿಯಮ ನೇರವಾಗಿ ಕೈ ಹಾಕುವುದಿಲ್ಲ. ದೊಡ್ಡ ಸಮೂಹಗಳು ನಿಜವಾಗಿ ನೆಲೆಸಿರುವ ದ್ವೀಪಕ್ಕಂತೂ ಹೊಸ ವರಮಾನವೇ ಹುಟ್ಟುತ್ತದೆ. ಮುಂದೆ ತೆರಿಗೆ ಬಂದರೂ ನಿಮಗೆ 2035ರವರೆಗೆ ತಟ್ಟದು ಎಂದು ಬರ್ಮುಡಾ ಕಂಪನಿಗಳಿಗೆ ಲಿಖಿತ ಭರವಸೆ ಕೊಟ್ಟಿತ್ತು. 2023ರ ಡಿಸೆಂಬರ್‌ನಲ್ಲಿ ಆ ಭರವಸೆಯನ್ನು ಬದಿಗೆ ಸರಿಸಿ ಕಾನೂನು ಮಾಡಿತು. ದೊಡ್ಡ ಸಮೂಹಗಳಿಗೆ ಶೇ 15ರ ಕಂಪನಿ ತೆರಿಗೆ 2025ರ ಜನವರಿ 1ರಿಂದ ಜಾರಿಯಾಯಿತು.

ಅಪಾಯ ಇಲ್ಲವೇ ಇಲ್ಲ ಎಂದಲ್ಲ. ಈ ವರಮಾನ ಬೆರಳೆಣಿಕೆಯ ಸಮೂಹಗಳಿಂದ ಬರುವಂಥದ್ದು. ಒಂದು ದೊಡ್ಡ ಚಂಡಮಾರುತ ಬೀಸಿ ವಿಮಾ ಪರಿಹಾರದ ಮೊತ್ತ ಏರಿದರೆ ಮರುವಿಮಾ ಕಂಪನಿಗಳ ಲಾಭ ಕುಸಿಯುತ್ತದೆ, ಅದರ ಜೊತೆಗೆ ತೆರಿಗೆಯೂ ಕುಸಿಯುತ್ತದೆ. ನೂರಾರು ಪುಟಗಳ ನಿಯಮಾವಳಿ ಓದಿ ಲೆಕ್ಕ ತಪಾಸಣೆ ಮಾಡುವ ನುರಿತ ಸಿಬ್ಬಂದಿಯನ್ನು ಹೊಂದಿಸುವುದು ಪುಟ್ಟ ತೆರಿಗೆ ಕಚೇರಿಗೆ ಸುಲಭವೂ ಅಲ್ಲ.

ತಪ್ಪು ಕಲ್ಪನೆ 4: ತೆರಿಗೆ ಬಂದರೆ ಕಂಪನಿಗಳು ಗಂಟುಮೂಟೆ ಕಟ್ಟುತ್ತವೆ.

ಸತ್ಯ: ಹೆಸರಿಗೆ ಮಾತ್ರ ಇರುವ ಕಂಪನಿ ಹೋದರೂ ಹೋದೀತು. ಆದರೆ ಎಲ್ಲ ದ್ವೀಪಗಳೂ ಬರೀ ಶೂನ್ಯ ದರದ ಮೇಲೆ ನಿಂತಿಲ್ಲ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲಾರಿಡಾವನ್ನು ಧ್ವಂಸ ಮಾಡಿದ ಮೇಲೆ ಮರುವಿಮೆಗೆ ಬಂಡವಾಳದ ಅಭಾವ ಉಂಟಾಯಿತು. ಆಗ ಹುಟ್ಟಿದ ಹೊಸ ಮರುವಿಮಾ ಕಂಪನಿಗಳಲ್ಲಿ ಹಲವು ನೆಲೆ ಕಂಡದ್ದು ಬರ್ಮುಡಾದಲ್ಲಿ. ಅಂದಿನಿಂದ ಅಲ್ಲಿ ಪರಿಣತರು, ವಕೀಲರು, ನಿಯಂತ್ರಣ ವ್ಯವಸ್ಥೆ ಬೇರೂರಿದೆ. ಅಲ್ಲಿನ ವಿಮಾ ನಿಯಂತ್ರಣವನ್ನು ಯುರೋಪಿಯನ್ ಒಕ್ಕೂಟ ತನ್ನದಕ್ಕೆ ಸಮಾನ ಎಂದು ಮಾನ್ಯ ಮಾಡಿದೆ. ಎಲ್ಲಿ ಹೋದರೂ ಶೇ 15 ತಪ್ಪದು ಎಂದಾದಾಗ ಇದನ್ನೆಲ್ಲ ಬಿಟ್ಟು ಹೊರಡಲು ಕಾರಣ ಉಳಿಯುವುದಿಲ್ಲ.

ಆದರೆ ದ್ವೀಪಗಳ ನಡುವಿನ ಪೈಪೋಟಿ ನಿಂತಿಲ್ಲ. ಉದ್ಯೋಗ ಕೊಟ್ಟರೆ, ಸಂಶೋಧನೆ ನಡೆಸಿದರೆ ಇಂತಿಷ್ಟು ಹಣ ವಾಪಸ್ ಎಂಬ ರಿಯಾಯಿತಿಗಳ ರೂಪದಲ್ಲಿ ಅದು ಮುಂದುವರಿದಿದೆ. ಬಾರ್ಬಡೋಸ್ ಅಂಥ ರಿಯಾಯಿತಿಗಳನ್ನು ಆಗಲೇ ಪ್ರಕಟಿಸಿದೆ. ನಾಲ್ಕು ವರ್ಷದೊಳಗೆ ನಗದಾಗಿ ಮರಳಿಸುವ ರಿಯಾಯಿತಿಯನ್ನು ನಿಯಮ ಆದಾಯವೆಂದು ಎಣಿಸುತ್ತದೆ, ತೆರಿಗೆ ಕಡಿತವೆಂದು ಎಣಿಸುವುದಿಲ್ಲ. ಹೀಗಾಗಿ ಬಲಗೈಯಲ್ಲಿ ಪಡೆದದ್ದನ್ನು ಎಡಗೈಯಲ್ಲಿ ಹಿಂದಿರುಗಿಸಲು ದಾರಿ ತೆರೆದೇ ಇದೆ.

ತಪ್ಪು ಕಲ್ಪನೆ 5: ದ್ವೀಪಗಳಲ್ಲಿ ಅಡಗಿದ್ದ ಹಣ ಇನ್ನು ಬಡ ದೇಶಗಳಿಗೆ ಮರಳುತ್ತದೆ.

ಸತ್ಯ: ಒಪ್ಪಂದದ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಆಫ್ರಿಕಾ ಅಥವಾ ಏಷ್ಯಾದ ಗ್ರಾಹಕರಿಂದ ಗಳಿಸಿದ ಲಾಭವನ್ನು ದ್ವೀಪಕ್ಕೆ ಸಾಗಿಸಿದ್ದರೂ ಶೇ 15ರ ಮೊದಲ ಹಕ್ಕು ದ್ವೀಪದ್ದು, ನಂತರದ ಹಕ್ಕು ಮಾತೃ ಕಂಪನಿಯ ದೇಶದ್ದು. ಮಾತೃ ಕಂಪನಿಗಳು ಹೆಚ್ಚಾಗಿ ಇರುವುದು ಶ್ರೀಮಂತ ದೇಶಗಳಲ್ಲಿ. ಲಾಭ ಹುಟ್ಟಿದ ದೇಶಕ್ಕೆ ಸಿಗುವ ಪಾಲು ಅನೇಕ ಸಲ ಅತ್ಯಲ್ಪ, ಕೆಲವೊಮ್ಮೆ ಏನೂ ಇಲ್ಲ. ಕೆನ್ಯಾ, ನೈಜೀರಿಯಾ, ಪಾಕಿಸ್ತಾನ, ಶ್ರೀಲಂಕಾ 2021ರಲ್ಲಿ ಒಪ್ಪಂದದಿಂದ ಹೊರಗುಳಿದವು.

ಭಾರತ ಒಪ್ಪಂದವನ್ನು ಬೆಂಬಲಿಸಿದರೂ 2025ರ ಕೊನೆಯವರೆಗೆ ದೇಶೀಯ ಕಾನೂನು ಮಾಡಿರಲಿಲ್ಲ. ಆದರೂ ಬೆಂಗಳೂರಿನ ಇನ್ಫೊಸಿಸ್, ವಿಪ್ರೊಗಳಂಥ ಸಮೂಹಗಳು 75 ಕೋಟಿ ಯೂರೊ ಮಿತಿಯನ್ನು ಎಂದೋ ದಾಟಿವೆ. ನಿಯಮ ಜಾರಿಯಲ್ಲಿರುವ ದೇಶಗಳಲ್ಲಿ ಅವೂ ಈ ಲೆಕ್ಕ ಒಪ್ಪಿಸಬೇಕು. ದಶಕಗಳ ಕಾಲ ಭಾರತಕ್ಕೆ ಹೂಡಿಕೆ ಹರಿದು ಬಂದ ದಾರಿಯಾದ ಮಾರಿಷಸ್ ಕೂಡ 2025ರಲ್ಲಿ ಪೂರಕ ತೆರಿಗೆಯ ಕಾನೂನು ಮಾಡಿದೆ.

ತಪ್ಪು ಕಲ್ಪನೆ 6: ಅಮೆರಿಕ ಹಿಂದೆ ಸರಿದ ಮೇಲೆ ಒಪ್ಪಂದ ಸತ್ತುಹೋಯಿತು.

ಸತ್ಯ: 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಈ ಒಪ್ಪಂದಕ್ಕೆ ಅಮೆರಿಕದಲ್ಲಿ ಬೆಲೆಯಿಲ್ಲ ಎಂದು ಘೋಷಿಸಿದರು. ಜೂನ್‌ನಲ್ಲಿ ಜಿ-7 ರಾಷ್ಟ್ರಗಳು ರಾಜಿಗೆ ಬಂದವು. 2026ರ ಜನವರಿಯಲ್ಲಿ ಆ ರಾಜಿಗೆ ಒಪ್ಪಂದ ರೂಪಿಸಿದ ದೇಶಗಳ ವ್ಯಾಪಕ ಒಕ್ಕೂಟದ ಒಪ್ಪಿಗೆಯೂ ಸಿಕ್ಕಿತು. ಅದರಂತೆ ಅಮೆರಿಕ ಮೂಲದ ಸಮೂಹಗಳಿಂದ ಬೇರೆ ದೇಶಗಳು ಬಾಕಿ ತೆರಿಗೆ ಎಳೆದುಕೊಳ್ಳುವಂತಿಲ್ಲ. ಆದರೆ ದ್ವೀಪಗಳು ತಮ್ಮ ನೆಲದಲ್ಲಿ ಹಾಕುವ ಪೂರಕ ತೆರಿಗೆ ಅಮೆರಿಕದ ಕಂಪನಿಗಳಿಗೂ ಅನ್ವಯಿಸುತ್ತದೆ. ಒಪ್ಪಂದ ಬಲ ಕಳೆದುಕೊಂಡಿದೆ, ಜೀವ ಕಳೆದುಕೊಂಡಿಲ್ಲ.

ಒಟ್ಟಿನಲ್ಲಿ ಈ ತೆರಿಗೆ ದ್ವೀಪಗಳನ್ನು ದಿವಾಳಿ ಮಾಡುವುದಿಲ್ಲ. ದೈತ್ಯ ಕಂಪನಿಗಳಿಗೆ ಶೂನ್ಯ ತೆರಿಗೆಯ ಆಮಿಷವನ್ನು ಅದು ತಕ್ಕಮಟ್ಟಿಗೆ ಕಿತ್ತುಕೊಂಡಿದೆ, ಇದು ಒಳ್ಳೆಯ ಹೆಜ್ಜೆ. ಲಾಭ ಹುಟ್ಟಿದ ದೇಶಕ್ಕೆ ನ್ಯಾಯ ಒದಗಿಸುವ ಕೆಲಸ ಮಾತ್ರ ಬಾಕಿ ಉಳಿದಿದೆ. ಶೇ 15 ಎಂಬ ಸಂಖ್ಯೆ ಕೇಳಿ ಸಮಾಧಾನಪಟ್ಟುಕೊಳ್ಳದೆ, ಆ ಹಣ ಯಾವ ಬೊಕ್ಕಸ ಸೇರಿತು, ರಿಯಾಯಿತಿಯ ಹೆಸರಿನಲ್ಲಿ ಎಷ್ಟು ಮರಳಿ ಹೋಯಿತು ಎಂದು ಓದುಗರು ಕೇಳುತ್ತಲೇ ಇರಬೇಕು.