ವೈಟ್‌ಫೀಲ್ಡ್ ಅಡುಗೆಮನೆಯಲ್ಲಿ ಮೋಚಿ
ಜಪಾನಿನ ಅಕ್ಕಿ ತಿಂಡಿ ಮೋಚಿ ಮನೆಯಲ್ಲೇ ಮಾಡ್ಬೇಕಾ? ಸೋನಾ ಮಸೂರಿ ಹಿಟ್ಟು ಬೇಡ, ಅದು ಕಡುಬಿಗೇ ಸರಿ. ಇದಕ್ಕೆ ಅಂಟಕ್ಕಿಯೇ ಆಗ್ಬೇಕು. ಅದರ ಪಿಷ್ಟ ಹೆಚ್ಚುಕಮ್ಮಿ ಪೂರ್ತಿ ಅಮೈಲೋಪೆಕ್ಟಿನ್, ಆ ಜಿಗುಟು ಬರೋದೇ ಅದರಿಂದ. ವೈಟ್‌ಫೀಲ್ಡ್ ಕಡೆ ಈಶಾನ್ಯದವರ ದಿನಸಿ ಅಂಗಡಿ ಕಂಡ್ರೆ ಅಸ್ಸಾಮಿನ ಬೋರಾ ಅಕ್ಕಿ ಕೇಳಿ ನೋಡಿ, ಅದೂ ಅಂಟಕ್ಕಿಯೇ. ನುಣ್ಣಗೆ ಹಿಟ್ಟು ಮಾಡಿಸಿ.

ಒಂದು ಕಪ್ ಹಿಟ್ಟು, ಕಾಲು ಕಪ್ ಸಕ್ಕರೆ, ಒಂದು ಕಪ್ ನೀರು. ಗಂಟಿಲ್ಲದಂತೆ ಕಲಸಿ, ಇಡ್ಲಿ ಪಾತ್ರೆಯಲ್ಲಿ 20 ನಿಮಿಷ ಬೇಯಿಸಿ. ಬಿಳುಪು ಹೋಗಿ ಮಿರಮಿರ ಹೊಳೆದ್ರೆ ಬೆಂದಿದೆ ಅಂತ. ಬಿಸಿಯಿರುವಾಗಲೇ ಚೆನ್ನಾಗಿ ಮಗುಚಿ. ಹುರಿದ ಕಾರ್ನ್‌ಫ್ಲೋರ್ ಕೈಗೆ ಹಚ್ಚಿಕೊಂಡು ತಟ್ಟಿ. ಒಳಗೆ ಜಪಾನಿನವರು ಅಜುಕಿ ಕಾಳಿನ ಹೂರಣ ಇಡ್ತಾರೆ. ನನ್ನ ಕೇಳಿದ್ರೆ, ನಮ್ಮ ಹೋಳಿಗೆ ಹೂರಣವೇ ಚೆನ್ನ.

ಫ್ರಿಜ್‌ನಲ್ಲಿಟ್ರೆ ಗಟ್ಟಿಯಾಗುತ್ತೆ, ಅವತ್ತೇ ತಿನ್ನಿ. ಗಂಟಲಲ್ಲಿ ಸಿಕ್ಕಿಕೊಳ್ಳೋ ತಿಂಡಿ ಇದು, ಮಕ್ಕಳಿಗೂ ವಯಸ್ಸಾದವರಿಗೂ ಚಿಕ್ಕ ಚಿಕ್ಕ ತುಂಡು ಮಾಡಿಯೇ ಕೊಡಿ.