ಹಳೇ ಟರ್ಬೊ ಕಾರಿನ ಸೈಲೆನ್ಸರ್‌ನಲ್ಲಿ ಹೊಗೆನಾ? ಟರ್ಬೊ ಬಿಚ್ಚಿಸೋ ಮುಂಚೆ ಇಷ್ಟು ನೋಡಿ

ಬೆಂಗಳೂರಲ್ಲಿ ಹತ್ತು–ಹದಿನೈದು ವರ್ಷ ಓಡಿದ ಟರ್ಬೊ ಪೆಟ್ರೋಲ್ ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿ ತಾಲ್ಲೂಕು ಊರುಗಳಿಗೂ ಬರ್ತಿವೆ. 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2010ರ ಫಿಯೆಟ್ ಲೀನಿಯಾ ಟಿ-ಜೆಟ್, 2013ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್ಐ, 145 ಎಚ್‌ಪಿಯ ಅಬಾರ್ತ್ ಪುಂಟೊ. ಹೊಸದಿದ್ದಾಗ ಸ್ಪೀಡಿನ ಹುಚ್ಚಿದ್ದವರು ಕನಸು ಕಾಣ್ತಿದ್ದ ಗಾಡಿಗಳಿವು. ಈಗ ಹಳೇ ರೇಟಿಗೆ ಸಿಗುತ್ತವೆ ಅಂತ ಹುಡುಗರು ತಗೊಳ್ತಾರೆ.

ತಗೊಂಡು ಮೂರ್ನಾಲ್ಕು ತಿಂಗಳಿಗೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಶುರು. ಗ್ಯಾರೇಜಿಗೆ ಹೋದರೆ ಬಹುತೇಕ ಒಂದೇ ಮಾತು: "ಟರ್ಬೊ ಹೋಗಿದೆ, ಬದಲಾಯಿಸಬೇಕು." ಅದಕ್ಕೆ ಹತ್ತಾರು ಸಾವಿರ ಖರ್ಚು. ದುಡ್ಡು ಹೋದ್ರೂ ಪರವಾಗಿಲ್ಲ ಅಂತ ಹೊಸ ಟರ್ಬೊ ಹಾಕಿಸ್ತಾರೆ, ಆದರೆ ವಾರದೊಳಗೆ ಮತ್ತೆ ಅದೇ ಹೊಗೆ. ಯಾಕೆ ಹೀಗಾಗುತ್ತೆ?

ಕೆಟ್ಟಿರೋದು ನಲ್ಲಿಯಲ್ಲ, ಬಚ್ಚಲು

ಟರ್ಬೊ ಅಂದ್ರೆ ಒಂದೇ ಶಾಫ್ಟಿಗೆ ಎರಡು ಚಕ್ರ. ಒಂದನ್ನು ಎಂಜಿನ್ನಿನಿಂದ ಬರುವ ಬಿಸಿ ಹೊಗೆ ತಿರುಗಿಸುತ್ತೆ, ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತೆ. ಆ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ಅಷ್ಟು ವೇಗದಲ್ಲಿ ಅದು ನಿಂತಿರೋದು ತೆಳುವಾದ ಆಯಿಲ್ ಪದರದ ಮೇಲೆ. ಆಯಿಲ್ ಎಂಜಿನ್ನಿನಿಂದ ಒತ್ತಡದಲ್ಲಿ ಬರುತ್ತೆ, ಆದರೆ ವಾಪಸ್ ಹೋಗೋದು ತಾನಾಗೇ ಇಳಿದು, ಒಂದು ದಪ್ಪ ಪೈಪಿನ ಮೂಲಕ. ಅಲ್ಲಿ ಪಂಪ್ ಏನೂ ಇರಲ್ಲ.

ಶಾಫ್ಟಿನ ಎರಡೂ ತುದಿಯಲ್ಲಿರೋದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಬಳೆ. ಹೊರಗಡೆಯ ಗಾಳಿ ಒತ್ತಡ ಇದ್ದಾಗ ಮಾತ್ರ ಅದು ಆಯಿಲ್ ತಡೆಯುತ್ತೆ. ಹಾಗಾಗಿ ವಾಪಸ್ ಪೈಪ್ ಕಟ್ಟಿಕೊಂಡ್ರೆ, ಅಥವಾ ಎಂಜಿನ್ ಹೊಟ್ಟೆಯೊಳಗೆ ಒತ್ತಡ ಹೆಚ್ಚಾದ್ರೆ, ಚೆನ್ನಾಗಿರೋ ಟರ್ಬೊ ಕೂಡ ಆಯಿಲ್ ಕಾರುತ್ತೆ. ಬಚ್ಚಲು ಕಟ್ಟಿಕೊಂಡು ನೀರು ಉಕ್ಕುತ್ತಿರುವಾಗ ನಲ್ಲಿ ಬದಲಾಯಿಸಿದ ಹಾಗೆ ಆಗುತ್ತೆ ಹೊಸ ಟರ್ಬೊ ಹಾಕಿಸೋದು.

ಎಂಜಿನ್ ಹೊಟ್ಟೆಯ ಗಾಳಿಯನ್ನು ಹೊರಗೆ ಬಿಡೋದಕ್ಕೆ ಬ್ರೀದರ್ ಪೈಪ್ ಅಂತ ಇರುತ್ತೆ. ವರ್ಷಗಳ ಕಾಲ ಬಿಸಿಯಲ್ಲಿ ಬೆಂದು ಈ ರಬ್ಬರ್ ಪೈಪು ಬಿರುಕು ಬಿಡುತ್ತೆ, ಒಳಗೆ ಕೆಸರಿನಂಥ ಆಯಿಲ್ ಗಟ್ಟಿಯಾಗುತ್ತೆ. ಅದರಲ್ಲಿರೋ ಒಂದು ಕಡೆಗೆ ಮಾತ್ರ ಬಿಡುವ ವಾಲ್ವ್ ಹಾಳಾದ್ರೆ ಟರ್ಬೊ ಒತ್ತಿದ ಗಾಳಿಯೇ ಹಿಂದಕ್ಕೆ ಬಂದು ಎಂಜಿನ್ ಹೊಟ್ಟೆ ತುಂಬುತ್ತೆ. ಆಕ್ಟೇವಿಯಾ ಆರ್‌ಎಸ್‌ನ 1.8 ಟರ್ಬೊದಲ್ಲಿ ವಯಸ್ಸಾದ ಮೇಲೆ ಮೊದಲು ನೋಡಬೇಕಾದ ಜಾಗಗಳಲ್ಲಿ ಇದೂ ಒಂದು. ಟರ್ಬೊ ಮುಂದೆ ಈ ಪೈಪು, ವಾಲ್ವ್ ಖರ್ಚು ಏನೂ ಅಲ್ಲ. ಏರ್ ಫಿಲ್ಟರ್ ಕೂಡ ಅಷ್ಟೇ. ಧೂಳು ಕಟ್ಟಿದ ಫಿಲ್ಟರ್ ಇದ್ರೆ ಟರ್ಬೊ ಗಾಳಿ ಸಿಗದೆ ಆಯಿಲ್ಲನ್ನೇ ಎಳೆದುಕೊಳ್ಳುತ್ತೆ. ನಮ್ಮ ಕಡೆ ರಸ್ತೆ ಧೂಳಿಗೆ ಇದನ್ನು ಮರೆಯೋ ಹಾಗಿಲ್ಲ.

ಬಣ್ಣ ಅಲ್ಲ, ಯಾವಾಗ ಬರುತ್ತೆ ಅನ್ನೋದು ಮುಖ್ಯ

ನೀಲಿ ಅಂದ್ರೆ ಆಯಿಲ್, ಬಿಳಿ ಅಂದ್ರೆ ನೀರು, ಕಪ್ಪು ಅಂದ್ರೆ ಪೆಟ್ರೋಲ್ ಜಾಸ್ತಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ನೀಲಿ ಹೊಗೆಗೇ ನಾಲ್ಕೈದು ಕಾರಣ ಇವೆ. ಹೊಗೆ ಬರುವ ಹೊತ್ತು ನೋಡಿದ್ರೆ ಅರ್ಧ ಉತ್ತರ ಸಿಗುತ್ತೆ.

ಬೆಳಗ್ಗೆ ಮೊದಲ ಸ್ಟಾರ್ಟಿಗೆ ಒಂದು ಬುಸ್ ಅಂತ ನೀಲಿ ಬಂದು ಆಮೇಲೆ ನಿಂತರೆ, ಅನುಮಾನ ವಾಲ್ವ್ ಸೀಲ್ ಮೇಲೆ. ರಾತ್ರಿಯಿಡೀ ಆಯಿಲ್ ಜಿನುಗಿ ಇಳಿದಿರುತ್ತೆ. ಆಕ್ಟೇವಿಯಾದ ಆ ಎಂಜಿನ್‌ನಲ್ಲಿ ಸಿಲಿಂಡರಿಗೆ ಐದರಂತೆ ಒಟ್ಟು 20 ವಾಲ್ವ್, ಅಂದ್ರೆ 20 ಸೀಲ್. ಕೆಲಸ ದೊಡ್ಡದೇ, ಆದರೆ ಎಂಜಿನ್ ಪೂರ್ತಿ ಇಳಿಸಬೇಕು ಅಂತಿಲ್ಲ.

ಚಾರ್ಮಾಡಿ ಘಾಟಿಯಂಥ ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಲ್ಲೇ ಇಳಿದು, ಕೆಳಗೆ ಬಂದು ಒತ್ತಿದ ತಕ್ಷಣ ಹಿಂದೆ ಮೋಡ ಎದ್ದರೂ ಹೆಚ್ಚಾಗಿ ವಾಲ್ವ್ ಸೀಲೇ. ಆಕ್ಸಿಲರೇಟರ್ ಬಿಟ್ಟಾಗ ಒಳಗಿನ ಎಳೆತ ಜೋರಾಗಿ ಆಯಿಲ್ ಒಳಗೆ ಸೇರುತ್ತೆ.

ಐದಾರು ನಿಮಿಷ ಐಡ್ಲಿಂಗ್‌ನಲ್ಲಿ ನಿಲ್ಲಿಸಿ ಹೊರಟಾಗ ಜಾಸ್ತಿ ಬಂದ್ರೆ ಟರ್ಬೊ, ಅದರ ವಾಪಸ್ ಪೈಪ್, ವಾಲ್ವ್ ಸೀಲ್ ಮೂರನ್ನೂ ನೋಡಬೇಕು. ಟರ್ಬೊದ ಬಿಸಿ ಕಡೆಯಿಂದ ಸೋರಿದ ಆಯಿಲ್ ಎಂಜಿನ್ ಒಳಗೆ ಉರಿಯಲ್ಲ, ಸೈಲೆನ್ಸರ್ ದಾರಿಯಲ್ಲಿ ಬೇಯುತ್ತೆ. ಹಾಗಾಗಿ ಹೊಗೆ ನೀಲಿಗಿಂತ ಬೂದು–ಬಿಳಿ ಕಾಣುತ್ತೆ, ದಟ್ಟವಾಗಿರುತ್ತೆ. ಇದನ್ನು ನೋಡಿ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಎಂಜಿನ್ ಬಿಚ್ಚುವ ಅಪಾಯವೂ ಇದೆ. ಮೂಗಿಗೆ ಸುಟ್ಟ ಎಣ್ಣೆ ವಾಸನೆ ಬಂದ್ರೆ ಅದು ಆಯಿಲ್ಲೇ.

ಜೋರಾಗಿ ಎಳೆಯುವಾಗ ಬಿಡದೆ ನೀಲಿ ಬರ್ತಿದ್ರೆ? ರಿಂಗ್ ಸವೆದಿರಬಹುದು, ಬ್ರೀದರ್ ಕಟ್ಟಿರಬಹುದು, ಟರ್ಬೊ ಹೋಗಿರಬಹುದು. ಇಲ್ಲಿ ಬಾಯಿಮಾತಿಗಿಂತ ಪರೀಕ್ಷೆಯೇ ಆಗಬೇಕು.

ಗ್ಯಾರೇಜಲ್ಲಿ ಮಾಡಿಸಬೇಕಾದ್ದು

ಡಿಪ್‌ಸ್ಟಿಕ್‌ನಿಂದ ಶುರು ಮಾಡಿ. ಆಯಿಲ್ ಮೇಲಿನ ಗೆರೆ ದಾಟಿದ್ರೂ ಹೊಗೆ ಬರುತ್ತೆ. ಮಾರೋರು "ಇರಲಿ" ಅಂತ ಅರ್ಧ ಲೀಟರ್ ಜಾಸ್ತಿ ಸುರಿದಿರುತ್ತಾರೆ. ಆಮೇಲೆ ಬ್ರೀದರ್ ಪೈಪ್ ಬಿಚ್ಚಿಸಿ ಒಳಗೆ ನೋಡಿಸಿ.

ನಂತರ ಟರ್ಬೊ. ಎಂಜಿನ್ ಆಫ್ ಆಗಿ ತಣ್ಣಗಾದ ಮೇಲೆ ಗಾಳಿ ಹೋಗುವ ಪೈಪ್ ತೆಗೆದು ಶಾಫ್ಟ್ ತುದಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಬೇಕು. ಪಕ್ಕಕ್ಕೆ ಕೂದಲೆಳೆಯಷ್ಟು ಅಲ್ಲಾಡಿದ್ರೆ ಗಾಬರಿ ಬೇಡ, ಆಯಿಲ್ ಪದರಕ್ಕೆ ಅಷ್ಟು ಜಾಗ ಬಿಟ್ಟೇ ಮಾಡಿರ್ತಾರೆ. ಹಿಂದೆ–ಮುಂದೆ ಸರಿದ್ರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ರೆ ಟರ್ಬೊ ನಿಜವಾಗಿಯೂ ಮುಗಿದಿದೆ. "ಅಲ್ಲಾಡ್ತಿದೆ ನೋಡಿ ಸಾರ್" ಅಂತ ಪಕ್ಕದ ಅಲುಗಾಟ ತೋರಿಸಿ ಬಿಲ್ ಮಾಡೋರೂ ಇದ್ದಾರೆ. ಯಾವ ಕಡೆಗೆ ಅಲ್ಲಾಡ್ತಿದೆ ಅಂತ ಕೇಳಿ.

ಇಂಟರ್‌ಕೂಲರ್ ಪೈಪಲ್ಲಿ ತೆಳುವಾಗಿ ಆಯಿಲ್ ಹತ್ತಿದ್ರೆ ಸಹಜ. ಬಗ್ಗಿಸಿದಾಗ ಸುರಿದ್ರೆ ಸಹಜ ಅಲ್ಲ.

ಕೊನೆಗೆ ಕಂಪ್ರೆಷನ್ ಪರೀಕ್ಷೆ. ಒಂದು ಸಿಲಿಂಡರಲ್ಲಿ ಒತ್ತಡ ಕಡಿಮೆ ಬಂದ್ರೆ ಅದರೊಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡ್ತಾರೆ. ಒತ್ತಡ ಏರಿದ್ರೆ ರಿಂಗ್ ಸವೆದಿದೆ, ಏರದಿದ್ರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕು. ರಿಂಗ್ ಹೋಗಿರೋ ಎಂಜಿನ್ನಿಗೆ ಹೊಸ ಟರ್ಬೊ ಹಾಕಿಸಿದ್ರೆ ಆ ದುಡ್ಡು ನೀರಲ್ಲಿ ಹೋಮ.

ಬಿಳಿ ಮತ್ತು ಕಪ್ಪು

ಚಳಿಗಾಲದ ಬೆಳಗ್ಗೆ ತೆಳು ಬಿಳಿ ಹಬೆ ಬಂದು ಹತ್ತು ನಿಮಿಷದಲ್ಲಿ ಮಾಯವಾದ್ರೆ ಅದು ಬರೀ ನೀರಾವಿ, ಸುಮ್ಮನಿರಿ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಬಂದು, ಸಿಹಿ ವಾಸನೆ ಇದ್ದು, ಕೂಲೆಂಟ್ ದಿನಾ ಇಳಿತಿದ್ರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಇದಕ್ಕೆ ಕೂಲೆಂಟ್ ಡಬ್ಬಿಯ ಬಾಯಿಗಿಟ್ಟು ನೋಡುವ ನೀಲಿ ದ್ರಾವಣದ ಪರೀಕ್ಷೆ ಇದೆ. ಎಂಜಿನ್ ಗ್ಯಾಸ್ ಸೇರಿದ್ದರೆ ದ್ರಾವಣ ಹಳದಿಯಾಗುತ್ತೆ. ಬಿಸಿ ಎಂಜಿನ್ನಿನ ಕೂಲೆಂಟ್ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೀಬೇಡಿ, ಮುಖಕ್ಕೆ ಎರಚುತ್ತೆ.

ಕಪ್ಪು ಹೊಗೆ ಜೊತೆ ಪಿಕಪ್ ಕೂಡ ಬಿದ್ದಿದ್ರೆ ಮೊದಲು ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿ ಪೈಪಿನ ಕ್ಲಿಪ್‌ಗಳನ್ನು ಮುಟ್ಟಿ ನೋಡಿ. ಒಳಗೆ ಬಂದ ಗಾಳಿಯನ್ನು ಅಳೆಯುವ ಸೆನ್ಸರ್ ಇರುವ ಕಾರಲ್ಲಿ, ಅಳೆದ ಮೇಲೆ ಗಾಳಿ ಸೋರಿದ್ರೆ ಕಂಪ್ಯೂಟರ್‌ಗೆ ಗೊತ್ತಾಗಲ್ಲ. ಇಲ್ಲದ ಗಾಳಿಗೂ ಸೇರಿಸಿ ಪೆಟ್ರೋಲ್ ಹಾಕುತ್ತೆ. ಒಂದು ಸಡಿಲ ಕ್ಲಿಪ್ಪಿಗೆ ಇಂಜೆಕ್ಟರ್ ಎಲ್ಲ ಬದಲಾಯಿಸೋದು ಬೇಡ.

ಹೊಗೆ ಸೈಲೆನ್ಸರ್ ಬಿಟ್ಟು ಬಾನೆಟ್ ಕೆಳಗಿಂದ ಬರ್ತಿದ್ರೆ ಮಾತ್ರ ತಡ ಮಾಡಬೇಡಿ. ಆಯಿಲ್ ಸೋರಿ ಕೆಂಪಗೆ ಕಾದ ಟರ್ಬೊ ಮೇಲೆ ಬೀಳ್ತಿರಬಹುದು. ಬೆಂಕಿ ಹತ್ತೋದು ಹೀಗೇ. ಗಾಡಿ ಬದಿಗೆ ಹಾಕಿ, ಆಫ್ ಮಾಡಿ, ಎಲ್ಲರೂ ಇಳೀರಿ.

ಡೀಸೆಲ್ ಪಿಕಪ್ ಇಟ್ಟಿರುವ ಅಂಗಡಿಯವರಿಗೆ

ಸರಕು ಸಾಗಿಸುವ ಡೀಸೆಲ್ ಪಿಕಪ್‌ಗಳಲ್ಲೂ ಈಗ ಟರ್ಬೊ ಇದೆ, ಬ್ರೀದರ್–ವಾಪಸ್ ಪೈಪ್ ಲೆಕ್ಕ ಅಲ್ಲೂ ಅದೇ. ಒಂದು ಅಪಾಯ ಹೆಚ್ಚು: ಟರ್ಬೊ ಪೂರ್ತಿ ಒಡೆದು ಆಯಿಲ್ ಒಳಗೆ ನುಗ್ಗಿದ್ರೆ ಡೀಸೆಲ್ ಎಂಜಿನ್ ಆ ಆಯಿಲ್ ಮೇಲೇ ಓಡುತ್ತೆ. ಕೀ ತೆಗೆದರೂ ನಿಲ್ಲಲ್ಲ, ಕಿರುಚಿಕೊಂಡು ರೇಸ್ ಆಗುತ್ತೆ. ಗಾಡಿ ನಿಂತಿದ್ರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಉಸಿರು ಕಟ್ಟಿಸಬೇಕು. ಮುಂದೆ ಯಾರೂ ನಿಂತಿರಬಾರದು.

ಎಮಿಷನ್ ಸರ್ಟಿಫಿಕೇಟ್ ಇದ್ರೆ ಸಾಕಾ?

ಪೆಟ್ರೋಲ್ ಕಾರಿನ ಎಮಿಷನ್ ಪರೀಕ್ಷೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತೆ, ಅದೂ ಗಾಡಿ ನಿಂತಲ್ಲೇ. ಘಾಟಿಯಲ್ಲಿ ಎಳೆಯುವಾಗ ಬರುವ ನೀಲಿ ಹೊಗೆ ಅಲ್ಲಿ ಕಾಣದೇ ಹೋಗಬಹುದು. ಹಾಗಾಗಿ ಮಾರೋರು ಸರ್ಟಿಫಿಕೇಟ್ ತೋರಿಸಿದ್ರೆ ಎಂಜಿನ್ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಬಿಎಸ್-4ಕ್ಕಿಂತ ಹಳೇ ಗಾಡಿಗೆ ಇದು ಆರು ತಿಂಗಳಿಗೊಮ್ಮೆ ಆಗಬೇಕು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವಾಗ ಆರ್‌ಟಿಒದಲ್ಲಿ ಗಾಡಿ ತೋರಿಸಬೇಕಾಗುತ್ತೆ. ಹೊಗೆ ಉಗುಳುವ ಕಾರಿಗೆ ತೊಂದರೆ ಆಗೋದು ಅಲ್ಲೇ.

ನೋಡಲು ಹೋಗುವ ದಿನ ಮಾರೋರಿಗೆ ಮೊದಲೇ ಫೋನ್ ಮಾಡಿ, ಬೆಳಗ್ಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ಯಾಕೆ ಅಂತ ಕೇಳಿ. ಸ್ಟಾರ್ಟ್ ಮಾಡುವಾಗ ಒಬ್ಬರು ಹಿಂದೆ ನಿಲ್ಲಲಿ. ಮುಚ್ಚಿದ ಶೆಡ್ಡಿನೊಳಗೆ ಬೇಡ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಆಮೇಲೆ ಹತ್ತು ನಿಮಿಷ ಐಡ್ಲಿಂಗ್, ಒಂದು ಏರು, ಒಂದು ಇಳಿಜಾರು. ಹಿಂದಿನಿಂದ ಬೈಕಲ್ಲಿ ಸ್ನೇಹಿತರೊಬ್ಬರು ಮೊಬೈಲಲ್ಲಿ ವಿಡಿಯೊ ಮಾಡಲಿ. ಒಳಗೆ ಕೂತು ಓಡಿಸೋರಿಗೆ ಹಿಂದಿನ ಹೊಗೆ ಕಾಣೋದು ಕಮ್ಮಿ. ತಗೊಂಡ ಮೇಲೆ ಡಿಪ್‌ಸ್ಟಿಕ್ ಎಲ್ಲಿತ್ತು ಅಂತ ಸಾವಿರ ಕಿಲೋಮೀಟರಿಗೊಮ್ಮೆ ಬರೆದಿಡಿ. ಘಾಟಿ ಹತ್ತಿ ಬಂದ ಮೇಲೆ ಆಫ್ ಮಾಡೋ ಮುಂಚೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಕಾದ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗಿ ಪೈಪ್ ಕಟ್ಟೋದು ಆ ಆತುರದಿಂದಲೇ.