ತಾಳಕ್ಕಿಂತ ತುಸು ತಡವಾಗಿ

ಬಿಲಿ ಹಾಲಿಡೇ ಅವರದು ದೊಡ್ಡ ಕಂಠವಲ್ಲ. ಅವರ ದನಿ ಓಡಾಡುತ್ತಿದ್ದದ್ದು ಒಂದು ಸ್ಥಾಯಿಯಷ್ಟು ಜಾಗದಲ್ಲಿ, ಹೆಚ್ಚೆಂದರೆ ಅದಕ್ಕಿಂತ ಕೊಂಚ ಆಚೆಗೆ. ವೇಗದ ಸ್ವರಸರಣಿಗಳೂ ಇಲ್ಲ, ತಾರಸ್ಥಾಯಿಯ ಮೆರೆದಾಟವೂ ಇಲ್ಲ. ಆದರೂ ಜ್ಯಾಝ್ ಗಾಯನದ ಮಾತು ಬಂದಾಗ ಆಕೆಯನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಏಕೆಂಬುದಕ್ಕೆ 1933ರಿಂದ 1959ರವರೆಗಿನ ಅವರ ಮುದ್ರಿಕೆಗಳೇ ಉತ್ತರ.

ಮೊದಲ ಮುದ್ರಣವಾದದ್ದು 1933ರ ನವೆಂಬರಿನಲ್ಲಿ, ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ತಂಡದ ಜೊತೆ. ಬಿಲಿಗೆ ಆಗ ಹದಿನೆಂಟು ವರ್ಷ. ಹಾರ್ಲೆಮ್‌ನ ಕ್ಲಬ್ಬೊಂದರಲ್ಲಿ ಅವರ ಹಾಡು ಕೇಳಿ ಬೆರಗಾಗಿದ್ದ ನಿರ್ಮಾಪಕ ಜಾನ್ ಹ್ಯಾಮಂಡ್ ಆಕೆಯನ್ನು ಸ್ಟುಡಿಯೋಗೆ ಕರೆತಂದಿದ್ದರು. ನಿಜವಾದ ಆರಂಭ ಮಾತ್ರ 1935ರ ಜುಲೈನಲ್ಲಿ, ಪಿಯಾನೋ ವಾದಕ ಟೆಡ್ಡಿ ವಿಲ್ಸನ್ ಅವರ ಸಣ್ಣ ತಂಡದೊಂದಿಗೆ. ನಾಣ್ಯ ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್‌ಗಳಿಗಾಗಿ ಕಡಿಮೆ ಖರ್ಚಿನಲ್ಲಿ ತಯಾರಾಗುತ್ತಿದ್ದ ತಟ್ಟೆಗಳು ಅವು. ಹಾಡುಗಳು ಬಹುಮಟ್ಟಿಗೆ ಆ ಋತುವಿನ ಸಾಧಾರಣ ಸಿನಿಮಾ, ನಾಟಕದ ಹಾಡುಗಳು. ಬರೆದಿಟ್ಟ ವಾದ್ಯ ಸಂಯೋಜನೆ ಇಲ್ಲವೆನ್ನುವಷ್ಟು ಕಡಿಮೆ. 78 ವೇಗದ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಹಿಡಿಯುತ್ತಿತ್ತು. ಅದರಲ್ಲೇ ವಾದ್ಯಗಾರರ ಸರದಿ, ಅದರಲ್ಲೇ ಬಿಲಿಯ ಒಂದು ಸುತ್ತು ಹಾಡು.

ಆ ಒಂದು ಸುತ್ತಿನಲ್ಲಿ ಅವರು ಮಾಡುತ್ತಿದ್ದ ಕೆಲಸವನ್ನು ನಿಧಾನವಾಗಿ ಗಮನಿಸಬೇಕು. ಬರೆದ ಧಾಟಿ ಮೇಲೇರಿ ಇಳಿಯುವಲ್ಲಿ ಇವರು ಒಂದೆರಡು ಸ್ವರಗಳಲ್ಲೇ ನಿಂತು, ಮಾತು ಆಡುವಷ್ಟು ಸಲೀಸಾಗಿ ಸಾಲನ್ನು ದಾಟಿಸುತ್ತಾರೆ. ಸಪ್ಪೆ ಸಾಲು ಹಠಾತ್ತನೆ ಯಾರೋ ನಿಜವಾಗಿ ಹೇಳಿಕೊಂಡ ಮಾತಾಗುತ್ತದೆ. ಇನ್ನೊಂದು, ಕಾಲದ ಆಟ. ಡ್ರಮ್ಮು, ಬೇಸು ಮುಂದೆ ಸಾಗುತ್ತಿರುತ್ತವೆ. ದನಿ ಹಿಂದೆಯೇ ಉಳಿದು, ಇನ್ನೇನು ತಪ್ಪಿತು ಅನ್ನುವಾಗ ಬಂದು ಸೇರುತ್ತದೆ. ವಿಲಂಬಿತ ಖಯಾಲ್‌ನಲ್ಲಿ ಗಾಯಕರು ಠೇಕಾದ ಮೇಲೆ ತೇಲಾಡಿ ಸಮ್‌ಗೆ ಬಂದು ಕೂಡುವುದನ್ನು ಕೇಳಿ ತಲೆದೂಗಿದ ಧಾರವಾಡದ ರಸಿಕರಿಗೆ ಈ ಸುಖ ಕೂಡಲೇ ತಿಳಿದೀತು. ಇದಕ್ಕೆಲ್ಲ ಮೈಕ್ ನೆರವಾಯಿತು. ಸಭಾಂಗಣದ ಕೊನೆಯ ಸಾಲಿಗೆ ಕೂಗಿ ಮುಟ್ಟಿಸಬೇಕಾದ ದನಿಗೆ ಈ ಸೂಕ್ಷ್ಮಗಳು ದಕ್ಕುವುದಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ ಮತ್ತು ಬೆಸ್ಸಿ ಸ್ಮಿತ್ ಅವರ ತಟ್ಟೆಗಳನ್ನು ಕೇಳಿ ಬೆಳೆದ ಬಿಲಿ, ಆರ್ಮ್‌ಸ್ಟ್ರಾಂಗ್ ತುತ್ತೂರಿಯಲ್ಲಿ ಮಾಡಿದ್ದನ್ನು ಕಂಠದಲ್ಲಿ ಮಾಡಿದರು.

1937ರ ಜನವರಿಯಲ್ಲಿ ಟೆನರ್ ಸ್ಯಾಕ್ಸೊಫೋನಿನ ಲೆಸ್ಟರ್ ಯಂಗ್ ಜೊತೆಗೂಡಿದರು. ನನ್ನ ಮಟ್ಟಿಗೆ ಬಿಲಿಯ ಮುದ್ರಣಗಳ ಶಿಖರ ಇದೇ. ಲೆಸ್ಟರ್ ಆಕೆಯ ಹಿಂದೆ ನುಡಿಸುವುದು ಪಕ್ಕವಾದ್ಯದಂತಲ್ಲ. ಆಕೆ ಉಸಿರು ತೆಗೆದುಕೊಳ್ಳುವ ಜಾಗವನ್ನು ಹುಡುಕಿ, ಅಲ್ಲಿ ಮಾತ್ರ ಮೆಲ್ಲಗೆ ಮಾತಾಡುತ್ತಾರೆ. ಬಿಲಿಗೆ ‘ಲೇಡಿ ಡೇ’ ಎಂಬ ಹೆಸರಿಟ್ಟವರು ಅವರೇ.

1939ರ ‘ಸ್ಟ್ರೇಂಜ್ ಫ್ರೂಟ್’ ಬೇರೆಯೇ ಬಗೆಯದು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕ್ರೌರ್ಯದ ಬಗ್ಗೆ ನ್ಯೂಯಾರ್ಕಿನ ಶಾಲಾ ಶಿಕ್ಷಕ ಏಬಲ್ ಮೀರೋಪೋಲ್ ಬರೆದ ಹಾಡು. ಬಿಲಿಯ ಕಂಪನಿ ಕೊಲಂಬಿಯಾ ಅದನ್ನು ಮುದ್ರಿಸಲು ಒಪ್ಪಲಿಲ್ಲ. ಮಿಲ್ಟ್ ಗೇಬ್ಲರ್ ತಮ್ಮ ರೆಕಾರ್ಡ್ ಅಂಗಡಿಯಿಂದ ನಡೆಸುತ್ತಿದ್ದ ಪುಟ್ಟ ಕಮಡೋರ್ ಕಂಪನಿ ಏಪ್ರಿಲ್ 20ರಂದು ಮುದ್ರಿಸಿತು. ತಟ್ಟೆ ತಿರುಗಿ ಒಂದು ನಿಮಿಷ ಕಳೆದ ಮೇಲೆಯೇ ದನಿ ಕೇಳುವುದು. ಕೇಳಿದಾಗ ಅಳುವಿಲ್ಲ, ಆರ್ಭಟವಿಲ್ಲ. ಕಂಡದ್ದನ್ನು ಕಂಡಂತೆ ಹೇಳುವ ಆ ಸಂಯಮವೇ ಎದೆ ಬಿರಿಯುವಂತೆ ಮಾಡುತ್ತದೆ.

ಗೇಬ್ಲರ್ ಮುಂದೆ ಡೆಕ್ಕಾ ಕಂಪನಿಯಲ್ಲೂ ಕೆಲಸಕ್ಕೆ ಸೇರಿದರು. ಪಿಟೀಲುಗಳು ಬೇಕೆಂದು ಬಿಲಿ ಕೇಳಿದ್ದರಿಂದ 1944ರಲ್ಲಿ ‘ಲವರ್ ಮ್ಯಾನ್’ ಅಲ್ಲಿ ತಯಾರಾಯಿತು. ಕಪ್ಪು ಜ್ಯಾಝ್ ಗಾಯಕಿಯ ಹಿಂದೆ ಪಿಟೀಲುಗಳು ಕೂರುವುದು ಆಗ ಸಾಮಾನ್ಯ ಸಂಗತಿಯಾಗಿರಲಿಲ್ಲ. 1947ರಲ್ಲಿ ಮಾದಕವಸ್ತು ಪ್ರಕರಣದಲ್ಲಿ ಸೆರೆವಾಸ. ಹೊರಬಂದ ಮೇಲೆ ನ್ಯೂಯಾರ್ಕಿನ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡುವ ಪರವಾನಗಿ ಸಿಗಲಿಲ್ಲ. 1952ರಿಂದ ನಿರ್ಮಾಪಕ ನಾರ್ಮನ್ ಗ್ರಾಂಟ್ಸ್ ಆಕೆಯನ್ನು ಮತ್ತೆ ಸಣ್ಣ ತಂಡಗಳ ನಡುವೆ ನಿಲ್ಲಿಸಿದರು.

1958ರ ‘ಲೇಡಿ ಇನ್ ಸ್ಯಾಟಿನ್’ ಬಗ್ಗೆ ಕೇಳುಗರಲ್ಲಿ ಜಗಳ ಇನ್ನೂ ಮುಗಿದಿಲ್ಲ. ರೇ ಎಲಿಸ್ ಸಂಯೋಜಿಸಿದ ತುಂಬು ವಾದ್ಯವೃಂದ, ಅದರ ಮುಂದೆ ಸವೆದು ಒಡೆದ ಕಂಠ. ಕೆಲವರಿಗೆ ಅದನ್ನು ಕೇಳುವುದೇ ಹಿಂಸೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ದನಿ ಹೋಗಿದೆ ನಿಜ, ಆದರೆ ಯಾವ ಪದವನ್ನು ಎಷ್ಟು ಹೊತ್ತು ತಡೆಯಬೇಕೆಂಬ ಬುದ್ಧಿ ಒಂದಿಷ್ಟೂ ಹೋಗಿಲ್ಲ. ಕೊನೆಯ ಮುದ್ರಣ 1959ರ ಮಾರ್ಚಿನಲ್ಲಿ ನಡೆಯಿತು. ಜುಲೈ 17ರಂದು, 44ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹೊಸದಾಗಿ ಕೇಳುವವರು ದಯವಿಟ್ಟು ಆ ಕೊನೆಯ ಮುದ್ರಿಕೆಗಳಿಂದ ಶುರುಮಾಡಬೇಡಿ. ಮೊದಲು ಲೆಸ್ಟರ್ ಜೊತೆಗಿನ 1937ರ ತಟ್ಟೆಗಳನ್ನು ಕೇಳಿ, ನಗುವ ಆ ಹುಡುಗಿಯ ಪರಿಚಯ ಮಾಡಿಕೊಳ್ಳಿ.